ಭಾವನ ಮರೆವಿನ ವಿಷಯ

ಮಸ್ಕತ್

ಪ್ರೀತಿಯ ಅಕ್ಕನಿಗೆ ನಮಸ್ಕಾರ.

ಕೊರೊನಾ ಬಂದು ಹೋಗಿ ಮೂರು ತಿಂಗಳಾದರೂ ಭಾವನಿಗೆ ಮಾತಿನ ಮಧ್ಯೆ ಶಬ್ದ ಸಿಗುವುದಿಲ್ಲ, ಅಂಗಡಿ ಲೆಕ್ಕ ತಪ್ಪುತ್ತದೆ ಅಂತ ಬರೆದಿದ್ದೀ. ಅರಳುಮರುಳು ಅಂತ ಯಾರೂ ಆಡದ ಹಾಗೆ ನೋಡಿಕೋ. ಉದಾಸೀನ ಅಂತ ಬೈಯುವುದೂ ಬೇಡ. ಇದು ಕೊರೊನಾ ನಂತರ ಉಳಿಯುವ ತೊಂದರೆ ಅಂತ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲೇ ಒಪ್ಪಿದೆ. ಕೆಡುವುದು ಹೆಚ್ಚಾಗಿ ಹಳೆಯ ನೆನಪಲ್ಲ, ಗಮನ. ಗಿರಾಕಿ ಒಟ್ಟಿಗೆ ಐದು ಸಾಮಾನು ಹೇಳಿದರೆ ಎರಡು ತಲೆಯಲ್ಲಿ ನಿಲ್ಲುವುದೇ ಇಲ್ಲ. ನಿಲ್ಲದ್ದು ಆಮೇಲೆ ನೆನಪಾಗುವುದು ಹೇಗೆ?

ಮೊದಲು ರಕ್ತ ಪರೀಕ್ಷೆ ಮಾಡಿಸು: ಹಿಮೋಗ್ಲೋಬಿನ್, ಥೈರಾಯ್ಡ್, ವಿಟಮಿನ್ ಬಿ12, ಶುಗರ್. ಮೆಟ್‌ಫಾರ್ಮಿನ್ ಅನ್ನುವ ಶುಗರ್ ಮಾತ್ರೆ ವರ್ಷಗಟ್ಟಲೆ ತೆಗೆದುಕೊಂಡವರಲ್ಲಿ ಬಿ12 ಇಳಿಯುವುದುಂಟು, ಅದರಿಂದಲೂ ಮರೆವು ಬರುತ್ತದೆ. ಹಾಗಂತ ಮಾತ್ರೆಯನ್ನು ಭಾವ ತಾವಾಗಿ ನಿಲ್ಲಿಸಬಾರದು. ಮೆಡಿಕಲ್‌ನಿಂದ ತರುವ ಶೀತದ ಮಾತ್ರೆಯ ಹಿಂದೆ ಕ್ಲೋರ್‌ಫೆನಿರಮಿನ್ ಅಂತ ಇದ್ದರೆ ಅದು ಮಂಪರು ತರುತ್ತದೆ, ಡಾಕ್ಟರಿಗೆ ತೋರಿಸು. ರಾತ್ರಿ ಗೊರಕೆಯ ನಡುವೆ ಉಸಿರು ಕಟ್ಟಿದ ಹಾಗಾದರೆ ಅದನ್ನೂ ಹೇಳು.

ಎಲ್ಲರೂ ಎಡವುವುದು ಒಳ್ಳೆಯ ದಿನದಲ್ಲಿ. ಇವತ್ತು ತಲೆ ಹಗುರ ಉಂಟು ಅಂತ ಬೆಳಗಿನಿಂದ ಸಂಜೆವರೆಗೆ ಕೂತರೆ ಅದರ ಪೆಟ್ಟು ಆಗಲೇ ಗೊತ್ತಾಗುವುದಿಲ್ಲ. ಮರುದಿನವೋ ಅದರ ಆಚೆಯ ದಿನವೋ ಹಾಸಿಗೆ ಹಿಡಿಸುತ್ತದೆ. ಹಾಗಾಗಿ ಸುಸ್ತಾಗುವ ಮೊದಲೇ ಏಳಬೇಕು. 20 ನಿಮಿಷ ಲೆಕ್ಕ, 10 ನಿಮಿಷ ಕಣ್ಣು ಮುಚ್ಚಿ ವಿಶ್ರಾಂತಿ, ಆಗ ಮೊಬೈಲ್ ಬೇಡ. 20 ಹೆಚ್ಚೆನಿಸಿದರೆ 10ಕ್ಕೆ ಇಳಿಸಲಿ. ಎರಡು ವಾರ ಪೆಟ್ಟು ಬೀಳದಿದ್ದರೆ ಮಾತ್ರ ಐದು ನಿಮಿಷ ಏರಿಸಲಿ. ದಿನಾ ಮಲ್ಪೆ ಬೀಚಿಗೆ ಓಡಿಸಿ ಗಟ್ಟಿ ಮಾಡುವ ಉಪಾಯ ಯಾರಾದರೂ ಹೇಳಿದರೆ ಕೇಳಬೇಡ, ಈ ರೀತಿಯ ಸುಸ್ತಿಗೆ ಅದು ಅಪಾಯ.

ನೋಟು ಎಣಿಸುವಾಗ ರೇಡಿಯೋ ಬೇಡ, ಮಧ್ಯೆ ಯಾರೂ ಮಾತಾಡಿಸುವುದೂ ಬೇಡ. ಚೀಟಿ ಹತ್ತು ಕಡೆ ಇಟ್ಟರೆ ಚೀಟಿಯೇ ಮರೆತುಹೋಗುತ್ತದೆ. ಗಲ್ಲೆಯ ಹತ್ತಿರ ದಾರ ಕಟ್ಟಿದ ಒಂದೇ ಪುಸ್ತಕ ಇರಲಿ, ಗಿರಾಕಿ ಹೇಳುತ್ತಿದ್ದ ಹಾಗೆ ಬರೆದು ತಿರುಗಿ ಓದಿ ಹೇಳಲಿ. ಮಾತ್ರೆಗೆ ವಾರದ ಏಳು ಖಾನೆಯ ಡಬ್ಬಿ ತಾ. ಮಧ್ಯಾಹ್ನದ ನಂತರ ಕಾಫಿ ಬೇಡ.

ಬಾಯಿ ಒಂದು ಬದಿಗೆ ವಾಲಿದರೆ, ಮಾತು ತೊದಲಿದರೆ, ಒಂದು ಕೈಯಲ್ಲಿ ಬಲ ಹೋದರೆ, ಫಿಟ್ಸ್ ಬಂದರೆ ಒಂದು ನಿಮಿಷವೂ ಕಾಯದೆ 108ಕ್ಕೆ ಫೋನ್ ಮಾಡಿ ಮಣಿಪಾಲಕ್ಕೆ ಕರೆದುಕೊಂಡು ಹೋಗು. ಜ್ವರದೊಟ್ಟಿಗೆ ದಿಕ್ಕು ತಪ್ಪಿದ ಹಾಗೆ ಮಾತಾಡಿದರೂ ಹಾಗೆಯೇ.

ರಿಪೋರ್ಟ್ ಬಂದ ಕೂಡಲೇ ಫೋಟೋ ಕಳಿಸು. ಅಮ್ಮನಿಗೆ ನಮಸ್ಕಾರ ತಿಳಿಸು.

ನಿನ್ನ ತಮ್ಮ