ಕ್ಯಾಮೆರಾ ಲೈಟು ಉರಿದರೆ ಸಾಲದು, ರೆಕಾರ್ಡ್ ಆಗಿದೆಯೇ ನೋಡಿ

ಮಾನ್ಯ ಸಂಪಾದಕರೇ,

ಮಂಡ್ಯದ ಪೇಟೆ ಬೀದಿಯ ಅಂಗಡಿಗಳಿಂದ ಹಿಡಿದು ಹಳ್ಳಿಯ ಆಲೆಮನೆ, ತೋಟದ ಮನೆಗಳವರೆಗೆ ಈಗ ಸಿಸಿಟಿವಿ ಇದೆ. ಆದರೆ ಕಳವಾದ ಮಾರನೇ ದಿನ ಡಿವಿಆರ್ (ದೃಶ್ಯ ರೆಕಾರ್ಡ್ ಮಾಡಿಡುವ ಪೆಟ್ಟಿಗೆ) ಹುಡುಕಿದರೆ ಬೇಕಾದ ಹೊತ್ತಿನ ದೃಶ್ಯವೇ ಇರುವುದಿಲ್ಲ. ಇಂಥ ಕಡೆ ಬಹುತೇಕ ಕೆಟ್ಟಿರುವುದು ಕ್ಯಾಮೆರಾ ಅಲ್ಲ; ಅಡಾಪ್ಟರ್, ಜಾಯಿಂಟ್, ಇಲ್ಲವೇ ಹಾರ್ಡ್‌ಡಿಸ್ಕ್.

ಹಗಲೆಲ್ಲ ಚೆನ್ನಾಗಿದ್ದ ಕ್ಯಾಮೆರಾ ಕತ್ತಲಾದ ಕೂಡಲೇ ಮಾಯವಾದರೆ ಮೊದಲು ಕರೆಂಟನ್ನು ಅನುಮಾನಿಸಿ. ರಾತ್ರಿ ಕತ್ತಲಲ್ಲಿ ಕಾಣಲೆಂದು ಇರುವ ಇನ್‌ಫ್ರಾರೆಡ್ ಎಲ್‌ಇಡಿಗಳು ಹತ್ತಿಕೊಂಡಾಗ ಕ್ಯಾಮೆರಾ ಹೆಚ್ಚು ಕರೆಂಟ್ ಎಳೆಯುತ್ತದೆ. ಹಳೆಯ ಅಡಾಪ್ಟರ್ ಅಥವಾ ತೆಳ್ಳನೆಯ ಉದ್ದ ವೈರ್ ಅದನ್ನು ತಡೆಯಲಾರದೆ ವೋಲ್ಟೇಜ್ ಕುಸಿದು, ಕ್ಯಾಮೆರಾ ಆಫ್ ಆಗಿ ಮತ್ತೆ ಆನ್ ಆಗುತ್ತಲೇ ಇರುತ್ತದೆ. ಪರೀಕ್ಷೆಗೆ ರಾತ್ರಿಯವರೆಗೆ ಕಾಯಬೇಕಿಲ್ಲ. ಕ್ಯಾಮೆರಾ ಮುಖಕ್ಕೆ ದಪ್ಪ ಕಪ್ಪು ಬಟ್ಟೆ ಮುಚ್ಚಿ, ಎಲ್‌ಇಡಿ ಹತ್ತಿದ ಮೇಲೆ ಕ್ಯಾಮೆರಾ ತುದಿಯ ಡಿಸಿ ಕನೆಕ್ಟರ್‌ನ (ಕರೆಂಟ್ ಪಿನ್‌ನ) ಎರಡು ಸ್ಕ್ರೂಗಳಿಗೆ ಮಲ್ಟಿಮೀಟರ್ ತಾಗಿಸಿ. ಪಿನ್ ಕಳಚಿ ಅಳೆಯಬೇಡಿ. ಲೋಡ್ ಇಲ್ಲದಾಗ, ಅಂದರೆ ಕ್ಯಾಮೆರಾ ಕರೆಂಟ್ ಎಳೆಯದಿರುವಾಗ, ದುರ್ಬಲವಾದ ಅಡಾಪ್ಟರೂ 12 ವೋಲ್ಟ್ ತೋರಿಸಿ ದಾರಿ ತಪ್ಪಿಸುತ್ತದೆ. 11ಕ್ಕಿಂತ ಕೆಳಗಿದ್ದರೆ ಅಡಾಪ್ಟರ್ ತುದಿಯಲ್ಲೂ ಅಳೆಯಿರಿ. ಅಲ್ಲಿ 12 ಇದ್ದರೆ ದೋಷ ವೈರಿನದ್ದು ಅಥವಾ ಜಾಯಿಂಟಿನದ್ದು, ಅಲ್ಲೂ ಕಡಿಮೆಯಿದ್ದರೆ ಅಡಾಪ್ಟರ್ ಬದಲಿಸಿ. ಪವರ್ ಸಪ್ಲೈ ಪೆಟ್ಟಿಗೆಯ ಒಳಗೆ 230 ವೋಲ್ಟ್ ಇರುತ್ತದೆ, ತಿಳಿಯದವರು ಅದನ್ನು ಬಿಚ್ಚುವುದು ಬೇಡ.

ಮಳೆಗಾಲದಲ್ಲಿ ಚಿತ್ರ ಗೆರೆ ಗೆರೆಯಾಗಿ ಓಡಿದರೆ ಹೊರಗಿನ ಬಿಎನ್‌ಸಿ ಜಾಯಿಂಟ್ (ಚಿತ್ರದ ಕೇಬಲ್ ಕೂಡುವ ಜಾಗ) ಬಿಚ್ಚಿ ನೋಡಿ. ತಾಮ್ರ ಹಸಿರುಗಟ್ಟಿದ್ದರೆ ಅಷ್ಟು ಕತ್ತರಿಸಿ ಹೊಸದು ಹಾಕಬೇಕು. ಬರೀ ಟೇಪ್ ಸುತ್ತುವುದು ಕೆಲಸಗಳ್ಳತನ. ಜಾಯಿಂಟಿಗೆ ಮಳೆನೀರು ತಾಗದಂತೆ ಮುಚ್ಚಿಡಲು ಐವತ್ತು ನೂರು ರೂಪಾಯಿಯ ಜಂಕ್ಷನ್ ಬಾಕ್ಸ್ ಸಾಕು. ಇನ್ನು ರಾತ್ರಿ ಚಿತ್ರ ಬೆಳ್ಳಗೆ ಮಂಜಾಗುವುದಕ್ಕೆ ಸಾಮಾನ್ಯ ಕಾರಣ ಜೇಡರ ಬಲೆ. ಕಬ್ಬಿನ ಗದ್ದೆ ಪಕ್ಕದ ಮನೆಗಳಲ್ಲಂತೂ ತೆಗೆದ ವಾರಕ್ಕೇ ಮತ್ತೆ ಕಟ್ಟಿರುತ್ತದೆ. ಮೊದಲು ಬ್ರಷ್‌ನಿಂದ ಕೊಡವಿ, ಆಮೇಲೆ ಮೆತ್ತನೆ ಬಟ್ಟೆಯಿಂದ ಒರೆಸಿ. ಧೂಳಿನ ಮೇಲೇ ಉಜ್ಜಿದರೆ ಗೀರು ಬಿದ್ದು ಮಂಜು ಶಾಶ್ವತವಾಗುತ್ತದೆ.

'ಒಂದು ತಿಂಗಳು ರೆಕಾರ್ಡ್ ಇರುತ್ತೆ ಸಾರ್' ಎಂಬ ಮಾತನ್ನು ಮಾತ್ರ ಲೆಕ್ಕ ಹಾಕದೆ ನಂಬಬೇಡಿ. ಒಂದು ಕ್ಯಾಮೆರಾದ ಬಿಟ್‌ರೇಟ್ (ರೆಕಾರ್ಡ್ ಆಗುವ ದತ್ತಾಂಶದ ಪ್ರಮಾಣ) ಸೆಕೆಂಡಿಗೆ 2 ಮೆಗಾಬಿಟ್ ಇಟ್ಟಿದ್ದರೆ ದಿನಕ್ಕೆ ಸುಮಾರು 21.6 ಜಿಬಿ. ನಾಲ್ಕು ಕ್ಯಾಮೆರಾಕ್ಕೆ 86 ಜಿಬಿ. ಅಂದರೆ 1 ಟಿಬಿ ಡಿಸ್ಕ್ ಹನ್ನೊಂದು ದಿನಕ್ಕೆ ತುಂಬುತ್ತದೆ, 30 ದಿನಕ್ಕೆ 3 ಟಿಬಿ ಬೇಕು. ಜನ ಹೆಚ್ಚು ಸೇರುವ ಸಂಸ್ಥೆಗಳು 30 ದಿನದ ದೃಶ್ಯ ಇಟ್ಟುಕೊಳ್ಳಬೇಕೆಂದು ರಾಜ್ಯದ 2017ರ ಸಾರ್ವಜನಿಕ ಸುರಕ್ಷತೆ ಕಾಯ್ದೆಯೇ ಹೇಳುತ್ತದೆ. ಡಿವಿಆರ್ ಮೆನುವಿನಲ್ಲಿ 'ಓವರ್‌ರೈಟ್' (ಹಳೆಯ ದೃಶ್ಯ ಅಳಿಸಿ ಹೊಸದನ್ನು ತುಂಬುವ ಸೌಲಭ್ಯ) ಆಫ್ ಆಗಿದ್ದರಂತೂ ಡಿಸ್ಕ್ ತುಂಬಿದ ದಿನವೇ ರೆಕಾರ್ಡಿಂಗ್ ನಿಲ್ಲುತ್ತದೆ. ಪರದೆಯ ಮೇಲೆ ಲೈವ್ ಚಿತ್ರ ಓಡುತ್ತಲೇ ಇರುವುದರಿಂದ ಯಾರಿಗೂ ಗೊತ್ತಾಗುವುದಿಲ್ಲ. ತಿಂಗಳಿಗೊಮ್ಮೆ ನಿನ್ನೆ ರಾತ್ರಿ ಎರಡು ಗಂಟೆಯ ಐದು ನಿಮಿಷವನ್ನು ಪ್ಲೇಬ್ಯಾಕ್ ಮಾಡಿ ನೋಡಿದರೆ ಇದೆಲ್ಲ ಒಟ್ಟಿಗೇ ಪರೀಕ್ಷೆಯಾದಂತೆ.

ಕರೆಂಟ್ ಹೋಗಿ ಬಂದಾಗಲೆಲ್ಲ ಡಿವಿಆರ್ ತಾರೀಖು ಹಿಂದಕ್ಕೆ ಹೋಗುತ್ತಿದ್ದರೆ ಒಳಗಿನ 3 ವೋಲ್ಟ್‌ನ ಬಟನ್ ಸೆಲ್ ಮುಗಿದಿದೆ ಎಂದರ್ಥ. ಹೆಚ್ಚಾಗಿ ಅದು ಸಿಆರ್2032. ತಾರೀಖು ತಪ್ಪಿದ್ದರೆ ದೃಶ್ಯ ಇದ್ದೂ ಹುಡುಕಿದಾಗ ಸಿಗುವುದಿಲ್ಲ.

ಕಳವು ಗೊತ್ತಾದ ಕೂಡಲೇ ಆ ಹೊತ್ತಿನ ದೃಶ್ಯವನ್ನು ಡಿವಿಆರ್‌ನಿಂದಲೇ ಪೆನ್‌ಡ್ರೈವ್‌ಗೆ ಇಳಿಸಿಕೊಳ್ಳಿ. ಟಿವಿ ಪರದೆಯನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರೆ ಬೈಕಿನ ನಂಬರ್ ಪ್ಲೇಟ್ ಓದಲು ಬರುವುದಿಲ್ಲ.

ಕ್ಯಾಮೆರಾ ಅಳವಡಿಸುವವರಲ್ಲೂ ಒಂದು ವಿನಂತಿ: ಎಷ್ಟು ದಿನದ ರೆಕಾರ್ಡ್ ಇರುತ್ತದೆ, ಸೆಲ್ ಯಾವಾಗ ಹಾಕಿದ್ದು ಎಂಬುದನ್ನು ಚೀಟಿ ಬರೆದು ಡಿವಿಆರ್ ಮೇಲೆ ಅಂಟಿಸಿ. ಪಾಸ್‌ವರ್ಡನ್ನು ಮಾಲೀಕರ ಕೈಗೇ ಕೊಡಿ.

– ಸಿಸಿಟಿವಿ ತಂತ್ರಜ್ಞ, ಮಂಡ್ಯ