ಇಲಿಗಳ ಲೆಕ್ಕ, ಹಾಸ್ಟೆಲಿನ ಓಣಿ

ಶಿರಸಿ
ಭಾನುವಾರ

ಪ್ರೀತಿಯ ಮಗಳೇ,

ಮೊನ್ನೆ ಫೋನ್ ಕಟ್ ಮಾಡಿದ್ದು ನಾನೇ. ತಪ್ಪಾಯಿತು. ಉಳಿದ ಮಾತು ಇಬ್ಬರಿಗೂ ನೆನಪಿದೆ, ಬರೆಯುವುದು ಬೇಡ. "ಒಂದೇ ರೂಮಿನಲ್ಲಿ ನಾಲ್ಕು ಜನ ಇದ್ದರೆ ಆ ಇಲಿಗಳ ಗತಿಯೇ, ಹಾಸ್ಟೆಲ್ ಬಿಡ್ತೇನೆ" ಅಂದೆಯಲ್ಲ, ಅದಕ್ಕಷ್ಟೇ ಉತ್ತರ. ಆ ಇಲಿಗಳು ಅಂದರೆ ಪ್ರಯೋಗದ ತೊಟ್ಟಿಯೊಳಗೆ ತುಂಬಿ ಕೊನೆಗೆ ಅಳಿದುಹೋದವು; ಅವುಗಳ 2200ರ ಅಂಕಿ ಸರಿಯಾಗಿಯೇ ಹೇಳಿದೆ. ಸಿಟ್ಟಿನಲ್ಲೂ ನನಗೆ ಹೆಮ್ಮೆಯಾಯಿತು.

ಆದರೆ ನೀನು ಕಳಿಸಿದ ವಿಡಿಯೋದಲ್ಲಿ ಇರುವುದು ಅರ್ಧ ಸಂಗತಿ. ಅಮೆರಿಕದ ಸಂಶೋಧಕ ಜಾನ್ ಕಾಲ್ಹೂನ್ 1968ರಲ್ಲಿ ನಾಲ್ಕು ಜೋಡಿ ಸುಂಡಿಲಿ ಬಿಟ್ಟ ತೊಟ್ಟಿಯಲ್ಲಿ 3840 ಇಲಿಗಳಿಗೆ ಗೂಡಿತ್ತು. 560ನೇ ದಿನ 2200ಕ್ಕೇ ಬೆಳವಣಿಗೆ ನಿಂತಿತು. 600ನೇ ದಿನದ ನಂತರ ಹುಟ್ಟಿದ ಮರಿ ಒಂದೂ ಉಳಿಯಲಿಲ್ಲ. ಅಂದರೆ ಗೂಡು ಖಾಲಿ ಇದ್ದವು, ಅನ್ನ ನೀರೂ ಇತ್ತು. ಇಲ್ಲದ್ದು ಹೊರಗೆ ಹೋಗುವ ದಾರಿ. ಹೊಲದ ಇಲಿಯಾಗಿದ್ದರೆ ಸೋತದ್ದು ಬದು ದಾಟಿ ಹೋಗುತ್ತಿತ್ತು.

ಅದಕ್ಕಿಂತ ಮುಖ್ಯ ಆತ 1962ರಲ್ಲಿ ಬರೆದ ದೊಡ್ಡ ಇಲಿಗಳ ಪ್ರಯೋಗ. ಒಂದು ಕೋಣೆ, ನಾಲ್ಕು ಅಂಕಣ, ನಡುವೆ ಏರುದಾರಿ. ತುದಿಯ ಎರಡಕ್ಕೆ ಒಂದೊಂದೇ ದಾರಿ, ಹಾಗಾಗಿ ಬಲಿಷ್ಠ ಗಂಡೊಂದು ಕಾವಲು ಕೂತರೆ ಸಾಕು. ನಡುವಿನವಕ್ಕೆ ಎರಡೆರಡು ದಾರಿ, ಕಾಯಲಾಗದು. ಇನ್ನು ಊಟದ ಪೆಟ್ಟಿಗೆ: ತಂತಿಜಾಲರಿಯ ಹಿಂದೆ ಗಟ್ಟಿ ಉಂಡೆ, ಕೆರೆದು ಕೆರೆದು ತಿನ್ನಬೇಕು, ಬಹಳ ಹೊತ್ತು. ಹೀಗೆ ಪ್ರತಿ ಊಟಕ್ಕೂ ಪಕ್ಕದಲ್ಲಿ ಇನ್ನೊಂದು ಇಲಿ ಇದ್ದೇ ಇರುತ್ತಿತ್ತು. ಕ್ರಮೇಣ ಪಕ್ಕದಲ್ಲಿ ಯಾರೂ ಇಲ್ಲದಿದ್ದರೆ ತಿನ್ನುವುದೇ ಅಪರೂಪವಾಯಿತು. ಬೇರೆ ಅಂಕಣದಲ್ಲಿ ತುಂಬಿದ ಪೆಟ್ಟಿಗೆಯಿದ್ದರೂ 80ರಲ್ಲಿ 60 ಇಲಿ ಒಂದೇ ಕಡೆ ಮುಗಿಬೀಳುತ್ತಿದ್ದವು. ಬೇಗ ತಿಂದು ಮುಗಿಯುವ ಹಿಟ್ಟು ಕೊಟ್ಟಾಗ ಆ ಜಂಗುಳಿ ಕಟ್ಟಲಿಲ್ಲ. ಹಾಗಂತ ಎಲ್ಲವೂ ಸರಿಹೋಯಿತೆನ್ನುವ ಹಾಗಿಲ್ಲ: ತೀರಾ ಕೆಟ್ಟ ಸ್ಥಿತಿಯ ಗುಂಪುಗಳಲ್ಲಿ ಮರಿಗಳ ಸಾವು ನೂರಕ್ಕೆ 96 ಇದ್ದದ್ದು 80ಕ್ಕೆ ಇಳಿಯಿತು, ಅಷ್ಟೇ. ಆದರೂ ಪೆಟ್ಟಿಗೆಯ ವಿನ್ಯಾಸ ಮಾಡಿದ ಕೆಲಸವನ್ನು ನಾವು 'ಜನ ಹೆಚ್ಚಾದರೆ ಹೀಗೇ' ಎಂದು ಓದಿದೆವು.

ನಮ್ಮ ಮದುವೆಮನೆಯಲ್ಲಿ ಆರುನೂರು ಜನ ಬಂದರೂ ಮೊದಲ ಪಂಕ್ತಿ, ಎರಡನೇ ಪಂಕ್ತಿ ಅಂತ ಕೂರುತ್ತೇವೆ. ಇಲಿಗೆ ಪಂಕ್ತಿ ಗೊತ್ತಿಲ್ಲ, ಕೂಸೇ.

ಮನುಷ್ಯರ ಮೇಲೂ ನೋಡಿದ್ದಾರೆ. ಮನಶ್ಶಾಸ್ತ್ರಜ್ಞ ಜೊನಾಥನ್ ಫ್ರೀಡ್‌ಮನ್ 1970ರ ದಶಕದಲ್ಲಿ ಜನರನ್ನು ಇಕ್ಕಟ್ಟಿನ ಕೋಣೆಗಳಲ್ಲಿ ಕೂರಿಸಿ ಕೆಲಸ ಕೊಟ್ಟ. ಇಕ್ಕಟ್ಟೊಂದರಿಂದಲೇ ಕೆಲಸ ಕೆಡಲಿಲ್ಲ. ಇಕ್ಕಟ್ಟು ನಮ್ಮಲ್ಲಿ ಆಗಲೇ ಇರುವ ಮನಸ್ಥಿತಿಯನ್ನೇ ಜೋರು ಮಾಡುತ್ತದೆ ಅಂದ. ಮಾರಿಕಾಂಬಾ ಜಾತ್ರೆಯ ನೂಕುನುಗ್ಗಲಿನಲ್ಲಿ ನೀನು ನಗುವವಳೇ.

ನಿನಗೆ ಬೇಕಾದದ್ದು ಬೌಮ್ ಮತ್ತು ವ್ಯಾಲಿನ್ಸ್ ಎಂಬ ಮನಶ್ಶಾಸ್ತ್ರಜ್ಞರ ಹಾಸ್ಟೆಲ್ ಅಧ್ಯಯನ. ತಲೆಗೆ ಸಿಗುವ ಜಾಗ ಹೆಚ್ಚುಕಡಿಮೆ ಒಂದೇ. ಒಂದು ಕಡೆ ಉದ್ದ ಓಣಿಯಲ್ಲಿ 34 ಜನಕ್ಕೆ ಒಂದೇ ಬಚ್ಚಲು, ಇನ್ನೊಂದು ಕಡೆ ನಾಲ್ಕಾರು ಜನರ ಗುಂಪಿಗೊಂದು. ಓಣಿಯವರೇ ಬೇಸತ್ತರು, ಅಪರಿಚಿತರಿಂದ ದೂರ ಕೂತರು. ಯಾರು ಯಾವಾಗ ಎದುರಾಗುತ್ತಾರೆಂಬುದು ಅವರ ಕೈಯಲ್ಲಿರಲಿಲ್ಲ. ಮುಂದೆ 1980ರಲ್ಲಿ ಬೌಮ್ ಮತ್ತು ಡೇವಿಸ್ ಅಂಥದ್ದೇ ಓಣಿಯ ನಡುವಿನ ಮೂರು ರೂಮನ್ನು ಕೂರುವ ಜಾಗ ಮಾಡಿ, ಬಾಗಿಲಿಟ್ಟು ಎರಡು ಪಾಲು ಮಾಡಿದ ಪ್ರಯೋಗ ಪ್ರಕಟಿಸಿದರು. ದೂರು ಇಳಿಯಿತು. ಹಾಗಾಗಿ ಮೊದಲು ಎಣಿಸು: ನಿನ್ನ ಬಚ್ಚಲಿಗೆ ಎಷ್ಟು ಜನ? ಓಣಿಗೆ ಎಷ್ಟು? ಮಂಚಕ್ಕೆ ಪರದೆ ಕಟ್ಟು. ಬಚ್ಚಲಿಗೆ ಪಾಳಿ ಬರೆದು ಅಂಟಿಸಿ. ಬೆಳಿಗ್ಗೆ ಬೇಗ ಏಳು— ಪಾಠ ಶುರುವಾಯಿತು, ಗೊತ್ತು.

ಇಕ್ಕಟ್ಟು ನಿರಪಾಯವೂ ಅಲ್ಲ. ಗ್ಯಾರಿ ಇವಾನ್ಸ್ ಎಂಬ ಸಂಶೋಧಕ ಮತ್ತು ಸಂಗಡಿಗರು ಪುಣೆಯ ಮಕ್ಕಳ ಬಗ್ಗೆ 1998ರಲ್ಲಿ ಬರೆದ ಪ್ರಕಾರ ಮನೆ ಇಕ್ಕಟ್ಟಾದಷ್ಟೂ ಶಾಲೆಯಲ್ಲಿ ತೊಂದರೆ ಹೆಚ್ಚು, ಹೆತ್ತವರೊಂದಿಗೆ ಜಗಳವೂ ಹೆಚ್ಚು. ಅದನ್ನೋದಿ ಸುಮ್ಮನೆ ಕೂತೆ.

ನನ್ನ ಭಯ ಬೇರೆಯದು. ಕಾಲ್ಹೂನ್‌ನ ಆ ತೊಟ್ಟಿಯಲ್ಲಿ ಕೆಲವು ಗಂಡಿಲಿಗಳು ಯಾರ ತಂಟೆಗೂ ಹೋಗದೆ ತಿಂದು, ಮಲಗಿ, ಮೈ ನೆಕ್ಕಿಕೊಂಡಿದ್ದವು. ಮೈಮೇಲೆ ಒಂದು ಗಾಯವಿಲ್ಲ. ನೀನು ಎಲ್ಲರೂ ಉಂಡ ಮೇಲೆ ಹತ್ತು ಗಂಟೆಗೆ ಒಬ್ಬಳೇ ಮೆಸ್ಸಿಗೆ ಹೋಗುತ್ತೇನೆಂದದ್ದು ನನ್ನ ತಲೆಯಿಂದ ಹೋಗುತ್ತಿಲ್ಲ. ಇಲಿಯಿಂದ ಮನುಷ್ಯರನ್ನು ಅಳೆಯಬಾರದೆಂದು ಎರಡು ಪುಟ ಬರೆದವಳು ನಾನೇ, ಆದರೂ ಕೇಳುತ್ತೇನೆ: ಇವತ್ತು ಎಂಟಕ್ಕೆ ಹೋಗ್ತೀಯಾ? ಆ ಮೂವರಲ್ಲಿ ಒಬ್ಬಳ ಜೊತೆಗಾದರೂ?

ಅಪ್ಪೆಮಿಡಿ ಡಬ್ಬಿ ಬಸ್ಸಿಗೆ ಹಾಕಿದ್ದೇನೆ, ನಾಲ್ವರಿಗೂ ಆಗುವಷ್ಟು. ಓಣಿಗೆ ಬಾಗಿಲು ಬೇಕೆಂದು ವಾರ್ಡನ್‌ಗೆ ಅರ್ಜಿ ಬರೆಯುವುದಾದರೆ ಮೊದಲು ನನಗೆ ಕಳಿಸು, ಕಾಗುಣಿತ ನೋಡಿಕೊಡುತ್ತೇನೆ.

ನಿನ್ನ ಆಯಿ