ಎಣಿಸಿದವರಿಗೆ

ನಿನ್ನೆ ಬೆಳಿಗ್ಗೆ ನಮ್ಮ ಮನೆಯಿಂದ 17 ಮಂದಿ ಹೊರಟುಹೋದರು. ಮಳೆಯಂಗಿ ತೊಟ್ಟ ಬಸವನಹುಳು, ಕತ್ತಲೆಗೆ ಹೆದರಿ ಟೊಪ್ಪಿಗೆಯನ್ನು ಕಣ್ಣಿನವರೆಗೆ ಎಳೆದುಕೊಂಡ ಗೂಬೆ, ಕೊಕ್ಕಿಗಿಂತ ದೊಡ್ಡ ಕನ್ನಡಕದ ಕೋಳಿಯಮ್ಮ, ಎಂಟು ಕಾಲಿಗೆ ಎಂಟು ಬಣ್ಣದ ಕಾಲುಚೀಲ ಏರಿಸಿಕೊಂಡ ಆಕ್ಟೋಪಸ್, ಉದ್ದ ಕೋಟಿನ ಉಷ್ಟ್ರಪಕ್ಷಿ, ಸೊಂಟದಲ್ಲಿ ಒಂದು ಗೆರೆಯಿರುವ ಕರಡಿ, ಮತ್ತೆ ಉಳಿದವರು. ಎರಡು ರಟ್ಟಿನ ಪೆಟ್ಟಿಗೆಗಳಲ್ಲಿ ಎಲ್ಲರೂ ಹಿಡಿಸಿದರು. ಉಷ್ಟ್ರಪಕ್ಷಿ ಮಾತ್ರ ಕತ್ತು ಮಡಚಲು ಒಪ್ಪದೆ, ಮುಚ್ಚಳದ ಸಂದಿಯಿಂದ ತಲೆ ಹೊರಗೆ ಹಾಕಿಕೊಂಡೇ ಪ್ರಯಾಣ ಮಾಡಿತು. ಮಧ್ಯಾಹ್ನದ ಹೊತ್ತಿಗೆ ಮಕ್ಕಳ ಕಥಾಕೋಣೆಯಿಂದ ಒಂದು ಚಿತ್ರ ಬಂತು. ಕಪಾಟಿನಲ್ಲಿ 16 ಗೊಂಬೆಗಳಿದ್ದವು. ಹದಿನೇಳನೆಯದನ್ನು ಯಾವುದೋ ಮಗು ಆಗಲೇ ಎತ್ತಿಕೊಂಡು ಹೋಗಿತ್ತು. ಇದಕ್ಕಿಂತ ಒಳ್ಳೆಯ ರಸೀದಿ ನನಗೆ ಬೇಕಿಲ್ಲ.

ನನ್ನ ಬಲಗೈಗೆ ಏನಾಯಿತು, ಯಾವಾಗ ಆಯಿತು ಎಂಬುದೆಲ್ಲ ನಿಮಗೆ ಗೊತ್ತು. ಅದನ್ನು ಹೇಳಿ ಹೇಳಿ ನನಗೇ ಬೇಸರ ಬಂದಿದೆ. ಇಷ್ಟು ವರ್ಷ ನಂಬಿದ ಕೈಯೇ ಕೈಕೊಟ್ಟಿತು ಎಂದರೆ ಸಾಕು. ಆ ಕೈ ಈಗ ಹಿಡಿದುಕೊಳ್ಳಬಲ್ಲದು, ತಿರುಗಿಸಲಾರದು. ತುದಿಯಲ್ಲಿ ಕೊಕ್ಕೆಯಿರುವ, ಗೊಂಬೆ ಹೆಣೆಯುವ ಕ್ರೋಶಾ ಕಡ್ಡಿಗೆ ಬೇಕಾದದ್ದು ಆ ತಿರುಗಿಸುವ ಕೆಲಸವೇ. ಆಗ ಒಪ್ಪಿಕೊಂಡಿದ್ದ ಗೊಂಬೆಗಳಲ್ಲಿ ಆರು ಮುಗಿದಿದ್ದವು, ಒಂದು ಕರಡಿ ಅರ್ಧಕ್ಕೆ ನಿಂತಿತ್ತು, ಒಂದು ಕೋಟಿನ ಬೆನ್ನು ಮತ್ತು ಬಲ ಮಗ್ಗುಲು ಸಿದ್ಧವಿದ್ದವು. ಉಳಿದದ್ದನ್ನು ಎಡಗೈಯಲ್ಲಿ ಹೆಣೆಯುತ್ತೇನೆ ಎಂದು ಹಟ ಹಿಡಿದದ್ದು ನಾನು. ಅದರ ಫಲ ಉಂಡವರು ನೀವೆಲ್ಲ.

ಕೃತಜ್ಞತೆಗಳು, ಒಂದೇ ಉಸಿರಿನಲ್ಲಿ. ಕೈಕಾಲು, ಕತ್ತು, ಬಾಲಗಳಿಗೆ ಪಾಲಿಯೆಸ್ಟರ್ ಹತ್ತಿಯನ್ನು ಚಿಟಿಕೆ ಚಿಟಿಕೆಯಾಗಿ ಗಟ್ಟಿಯಾಗಿ ತುಂಬಿದ ತಂಗಿಗೆ (ಮಕ್ಕಳ ಗೊಂಬೆಯೊಳಗೆ ತಂತಿ ಇಡುವಂತಿಲ್ಲ, ಉಷ್ಟ್ರಪಕ್ಷಿಯ ಕತ್ತು ನೆಟ್ಟಗೆ ನಿಂತಿದ್ದರೆ ಅದು ಅವಳ ಹೆಬ್ಬೆರಳಿನ ಪುಣ್ಯ). ಅದೇ ಬಣ್ಣದ ನೂಲಾದರೂ ಲೇಬಲ್ಲಿನ ಲಾಟ್ ಸಂಖ್ಯೆ (ಒಂದೇ ಸಲ ಬಣ್ಣ ಹಾಕಿದ ಕಂತಿನ ಸಂಖ್ಯೆ) ಬೇರೆಯಾದರೆ ಛಾಯೆ ಬೇರೆಯಾಗುತ್ತದೆ ಎಂಬುದನ್ನು ನೆನಪಿಟ್ಟು, ತನ್ನ ಬಳಿಯಿದ್ದ ಕಂದು ಉಂಡೆಯನ್ನೇ ಕಳುಹಿಸಿಕೊಟ್ಟ ಗೆಳತಿಗೆ. ಮೂರು ವರ್ಷದೊಳಗಿನ ಮಕ್ಕಳೂ ಬರುತ್ತಾರೆ, ಪ್ಲಾಸ್ಟಿಕ್ ಕಣ್ಣು ಬೇಡ ಎಂದಾಗ 34 ಕಣ್ಣುಗಳನ್ನು ಕಪ್ಪು ನೂಲಿನಲ್ಲಿ ಕಸೂತಿ ಹಾಕಿದ ಅತ್ತಿಗೆಗೆ. ಅವಧಿಗೆ ಮುನ್ನ ಹುಟ್ಟಿದ ಶಿಶುಗಳಿಗೆ ಆಕ್ಟೋಪಸ್ ಹೆಣೆದುಕೊಡುವ ಕೆಲಸವನ್ನು 2013ರಲ್ಲಿ ಆರಂಭಿಸಿದ ಡೆನ್ಮಾರ್ಕಿನವರು ಎಳೆದರೂ ಕಾಲು 22 ಸೆಂಟಿಮೀಟರ್ ಮೀರಬಾರದೆಂದು ನಿಯಮ ಮಾಡಿಕೊಂಡಿದ್ದಾರೆ ಎಂದು ನೆನಪಿಸಿ, ನನ್ನ ಆಕ್ಟೋಪಸ್ಸಿನ ಕಾಲನ್ನೂ ಎಳೆದೆಳೆದು ಅಳೆದ ನರ್ಸ್ ಗೆಳತಿಗೆ. ನನ್ನ ಬೈಗುಳ ಕೇಳುತ್ತಲೇ ಮಣಿಕಟ್ಟಿಗೆ ವ್ಯಾಯಾಮ ಮಾಡಿಸಿದ ತಾಳ್ಮೆಯ ಮಹಾತಾಯಿಗೆ. ಗೊಂಬೆಗಳಿಗೆಲ್ಲ ಹೆಸರಿಟ್ಟು, ಆ ಹೆಸರುಗಳನ್ನು ಮರುದಿನವೇ ಬದಲಾಯಿಸಿದ ಮಗನಿಗೆ. ಮನೆಯ ತುಂಬ ನೂಲಿನ ಚೂರು ಬಿದ್ದಿದ್ದರೂ ತುಟಿ ಬಿಚ್ಚದ ಗಂಡನಿಗೆ. ಅವರ ಮೌನ ಸಹನೆಯೋ ಹೆದರಿಕೆಯೋ, ನಾನು ಕೇಳಲು ಹೋಗಿಲ್ಲ.

ಈಗ ಅಕ್ಕನ ವಿಷಯ.

ಮೇಲಿನ ಮನೆಯವರು. ಹೆಸರು ಬರೆದರೆ ನನ್ನೊಡನೆ ಮಾತು ಬಿಡುತ್ತೇನೆ ಎಂದಿದ್ದಾರೆ, ಆದ್ದರಿಂದ ಅಕ್ಕ ಎಂದಷ್ಟೇ ಬರೆಯುತ್ತೇನೆ. ಮುದ್ರಣಾಲಯದಲ್ಲಿ ಕರಡು ತಿದ್ದಿ ನಿವೃತ್ತರಾದವರು. ಸೂಜಿಗೆ ದಾರ ಪೋಣಿಸುವುದೂ ಅವರಿಗೆ ಬಾರದು. ಬಂದ ಮೊದಲ ದಿನ ನನ್ನ ಎಡಗೈಯ ಅವಸ್ಥೆ ನೋಡಿ ಅಯ್ಯೋ ಅನ್ನಲಿಲ್ಲ, ಧೈರ್ಯ ಹೇಳಲಿಲ್ಲ. ಸುಮ್ಮನೆ ಕುಳಿತು ನೋಡಿದರು. ನಾನು ಆರು ಕುಣಿಕೆ ಹಾಕುವುದು, ಎಷ್ಟಾಯಿತೆಂದು ಮರೆಯುವುದು, ಮತ್ತೆ ಮೊದಲಿನಿಂದ ಎಣಿಸುವುದು, ಹೀಗೆ ಅರ್ಧ ಗಂಟೆ ನಡೆಯಿತು. ಆಮೇಲೆ ಕೇಳಿದರು: "ಎಣಿಸುವುದನ್ನು ನನಗೆ ಕೊಡುತ್ತೀಯಾ?"

ಈ ಕೆಲಸ ಮಾಡದವರಿಗೆ ಆ ಪ್ರಶ್ನೆಯ ಬೆಲೆ ತಿಳಿಯಲಿಕ್ಕಿಲ್ಲ. ಅಮಿಗುರುಮಿ ಎಂದು ಜಪಾನಿ ಹೆಸರಿನಿಂದ ಕರೆಯುವ ಈ ಗೊಂಬೆಗಳು ಪೂರ್ತಿ ಲೆಕ್ಕದ ಮೇಲೆಯೇ ನಿಂತಿರುತ್ತವೆ. ಒಂದು ಪುಟ್ಟ ಉಂಗುರದೊಳಗೆ 6 ಕುಣಿಕೆ. ಮುಂದಿನ ಸುತ್ತಿನಲ್ಲಿ 12, ಆಮೇಲೆ 18, 24, 30, 36. ಪ್ರತಿ ಸುತ್ತಿಗೂ ಆರೇ ಹೆಚ್ಚಬೇಕು. ಏಳಾದರೆ ಕೆನ್ನೆ ಊದಿಕೊಳ್ಳುತ್ತದೆ, ಐದಾದರೆ ತಲೆ ಓರೆಯಾಗುತ್ತದೆ. ಸುತ್ತು ಎಲ್ಲಿಯೂ ಮುಗಿಯದೆ ಸುರುಳಿಯಾಗಿ ಏರುತ್ತಲೇ ಹೋಗುವುದರಿಂದ ಎಲ್ಲಿದ್ದೇನೆ ಎಂದು ತಿಳಿಯಲು ಒಂದೋ ಗುರುತಿನ ಪಿನ್ನು ಬೇಕು, ಇಲ್ಲವೇ ತಲೆಯಲ್ಲಿ ಸಂಖ್ಯೆ ಇರಬೇಕು. ಇಪ್ಪತ್ತು ವರ್ಷ ಆ ಸಂಖ್ಯೆ ನನ್ನ ತಲೆಯಲ್ಲಿ ತಾನಾಗಿ ಓಡುತ್ತಿತ್ತು, ಮಾತನಾಡುತ್ತಲೇ ಹೆಣೆಯುತ್ತಿದ್ದೆ. ಎಡಗೈಗೆ ಬಂದ ಮೇಲೆ ಇದ್ದಬದ್ದ ಗಮನವೆಲ್ಲ ಬೆರಳಿಗೆ ಹೋಗಿ ತಲೆ ಖಾಲಿಯಾಯಿತು. ಕೈಗೆ ಸಹಾಯ ಮಾಡಲು ಬಹಳ ಮಂದಿ ಬಂದಿರಿ. ತಲೆ ಖಾಲಿಯಾಗಿದೆ ಎಂದು ಕಂಡವರು ಅಕ್ಕ ಒಬ್ಬರೇ.

ಅಂದಿನಿಂದ ಸಂಜೆ ಏಳಕ್ಕೆ ಹಳೆಯ ಡೈರಿ, ಪೆನ್ನು, ಭೂತಗನ್ನಡಿಯೊಂದಿಗೆ ಇಳಿದು ಬರುತ್ತಿದ್ದರು. ಹಿಂದೆ ಮುದ್ರಣಾಲಯಗಳಲ್ಲಿ ಒಬ್ಬರು ಹಸ್ತಪ್ರತಿಯನ್ನು ಗಟ್ಟಿಯಾಗಿ ಓದುವುದು, ಇನ್ನೊಬ್ಬರು ಅಚ್ಚಿನ ಹಾಳೆಯಲ್ಲಿ ತಪ್ಪು ಹುಡುಕುವುದು ರೂಢಿಯಂತೆ. ಸುತ್ತು ಸುತ್ತಿನ ಕುಣಿಕೆಗಳ ಲೆಕ್ಕ ಬರೆದಿಟ್ಟ ನನ್ನ ಮಾದರಿಯನ್ನೂ ಅವರು ಹಾಗೆಯೇ, ಒಂದು ಚಿಹ್ನೆಯೂ ಬಿಡದೆ ಓದುತ್ತಿದ್ದರು. "ಆವರಣ ಆರಂಭ. ಎರಡು ಸಿಂಗಲ್, ಅಲ್ಪವಿರಾಮ, ಒಂದು ಹೆಚ್ಚಳ. ಆವರಣ ಮುಕ್ತಾಯ. ಗುಣಿಸು ಆರು." (ಸಿಂಗಲ್ ಎಂದರೆ ಒಂದು ಸಾದಾ ಕುಣಿಕೆ, ಹೆಚ್ಚಳ ಎಂದರೆ ಒಂದೇ ಕುಣಿಕೆಯೊಳಗೆ ಎರಡು.) ಒಂದು ಕಡೆ ನಿಂತು, "ಆರು ನಾಲ್ಕಲಿ ಇಪ್ಪತ್ತನಾಲ್ಕು. ನೀನು ಇಪ್ಪತ್ತೆರಡು ಎಂದು ಬರೆದಿದ್ದೀಯ," ಎಂದು ನಾನೇ ಬರೆದ ಮಾದರಿಯಲ್ಲಿ ಹಳೆಯ ತಪ್ಪೊಂದನ್ನು ಹಿಡಿದರು. ಅಮೆರಿಕದವರು ಸಿಂಗಲ್ ಎನ್ನುವ ಕುಣಿಕೆಯನ್ನೇ ಬ್ರಿಟಿಷರು ಡಬಲ್ ಎನ್ನುತ್ತಾರೆಂದು ತಿಳಿದ ದಿನ ಅವರಿಗೆ ಬಂದ ಕೋಪ ನೋಡಬೇಕಿತ್ತು. ಇದನ್ನು ಅಚ್ಚಿಗೆ ಬಿಟ್ಟ ಪುಣ್ಯಾತ್ಮ ಯಾರು ಎಂದು ವಾರವಿಡೀ ಗೊಣಗಿದರು.

ಭೂತಗನ್ನಡಿಯನ್ನು ನಾನು ತಮಾಷೆ ಮಾಡಿದ್ದೆ, ಆಮೇಲೆ ಬಾಯಿ ಮುಚ್ಚಿಕೊಳ್ಳಬೇಕಾಯಿತು. ಒಂದು ಸಂಜೆ ಕರಡಿಯ ಹೊಟ್ಟೆಯ ಮೇಲೆ ಅದನ್ನಿಟ್ಟು, "ಇಲ್ಲಿಯವರೆಗೆ ಕುಣಿಕೆಗಳು ಗುಣಿಸುವ ಚಿಹ್ನೆಯಂತಿವೆ, ಇಲ್ಲಿಂದ ಮೇಲೆ ಇಂಗ್ಲಿಷಿನ ವಿ ಅಕ್ಷರದಂತಿವೆ. ಅಕ್ಷರ ಬದಲಾಗಿದೆ," ಎಂದರು. ನೋಡಿದರೆ ನಿಜ. ಬಲಗೈಯಲ್ಲಿ ನಾನು ಯಾವಾಗಲೂ ಕಡ್ಡಿಯನ್ನು ನೂಲಿನ ಮೇಲಿಂದ ತಂದು ಕೊಕ್ಕೆಯಲ್ಲಿ ನೂಲನ್ನು ಕೆಳಕ್ಕೆ ಸೆಳೆಯುತ್ತಿದ್ದೆ, ಕುಣಿಕೆ ಗುಣಿಸುವ ಚಿಹ್ನೆಯಾಗಿ ಬಿಗಿಯಾಗಿ ಕೂರುತ್ತಿತ್ತು. ಎಡಗೈ ನನಗೇ ತಿಳಿಯದಂತೆ ನೂಲನ್ನು ಕಡ್ಡಿಯ ಮೇಲೆ ಸುತ್ತಿಕೊಂಡು ಸೆಳೆಯುತ್ತಿತ್ತು. ಎಡಗೈಯ ಹೆಣಿಗೆ ಏಕೆ ಸಡಿಲ, ಒಳಗಿನ ಹತ್ತಿ ಏಕೆ ಇಣುಕುತ್ತದೆ ಎಂದು ಹದಿನೈದು ದಿನ ತಲೆ ಕೆಡಿಸಿಕೊಂಡಿದ್ದೆ. 2.5 ಮಿಲಿಮೀಟರಿನ ಕಡ್ಡಿ ಬಿಟ್ಟು 2.25ಕ್ಕೂ ಇಳಿದಿದ್ದೆ. ಕಾರಣ ಕಂಡದ್ದು ಹೆಣೆಯಲು ಬಾರದವರ ಕಣ್ಣಿಗೆ.

ಕೊನೆಯ ವಾರದ ಆ ರಾತ್ರಿಯ ಬಗ್ಗೆ ಬರೆಯಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ಬರೆಯದಿದ್ದರೆ ಈ ಪತ್ರಕ್ಕೆ ಅರ್ಥವಿಲ್ಲ.

ಗಂಟೆ ಎರಡಾಗಿತ್ತು. ಉಷ್ಟ್ರಪಕ್ಷಿಯ ಕೋಟಿನ ಎಡ ಮಗ್ಗುಲು ಮುಗಿಯಿತು ಎಂದು ಜೋಡಿಸಲು ಹೋದೆ. ಎರಡೂ ಬಲ ಮಗ್ಗುಲುಗಳು. ಎಡಗೈಯಲ್ಲಿ ಹೆಣೆದದ್ದು ಕನ್ನಡಿಯೊಳಗಿನ ಬಿಂಬದಂತೆ ತಿರುಗುಮುರುಗಾಗುತ್ತದೆ ಎಂಬುದು ನನಗೆ ಗೊತ್ತಿದ್ದ ಸಂಗತಿಯೇ. ಇಡೀ ಕೋಟನ್ನು ಎಡಗೈಯಲ್ಲಿ ಮಾಡಿದ್ದರೆ ಗುಂಡಿಯ ಕಾಜ ಆಚೆ ಬದಿಗೆ ಹೋಗುತ್ತಿತ್ತು, ಅಷ್ಟೆ. ಅರ್ಧ ಬಲಗೈ, ಅರ್ಧ ಎಡಗೈ ಎಂದಾಗ ಹೀಗೆ. ತಿರುವಿ ಹಾಕಿ ಹೊಲಿಯೋಣವೆಂದರೆ ಜೇಬು ಒಳಗೆ ಹೋಗುತ್ತದೆ.

ಅದೊಂದು ಸಣ್ಣ ಕೋಟು. ಅಂಗೈ ಅಗಲದ್ದು. ಅದಕ್ಕಾಗಿ ಯಾರೂ ಅಳುವುದಿಲ್ಲ. ಆದರೆ ಆ ತಿಂಗಳುಗಳಲ್ಲಿ ನುಂಗಿಕೊಂಡದ್ದೆಲ್ಲ ಆ ಕೋಟಿನ ಮೇಲೆ ಬಂದು ನಿಂತಿತು. ನಾನು ಮೊದಲು ಅದನ್ನು ಗೋಡೆಗೆ ಎಸೆದೆ. ಆಮೇಲೆ ಅಕ್ಕನ ಕಡೆ ತಿರುಗಿ, ಮನೆಗೆ ಹೋಗಿ, ನಿಮಗೇನು ಗೊತ್ತು ನೂಲಿನ ವಿಷಯ ಎಂದೆ. ಇದನ್ನು ಎಲ್ಲರ ಮುಂದೆ ಬರೆಯುವಾಗ ನಾಚಿಕೆಯಾಗುತ್ತದೆ, ಆಗಲಿ. ಅವರು, "ನೂಲಿನ ವಿಷಯ ಗೊತ್ತಿಲ್ಲ. ಹದಿನೆಂಟಾದ ಮೇಲೆ ಹತ್ತೊಂಬತ್ತು ಎಂಬುದು ಗೊತ್ತು," ಎಂದರು. ಏಳಲಿಲ್ಲ.

ನಾನು ಕರಡಿಯನ್ನು ಎತ್ತಿಕೊಂಡು, ಕುಣಿಕೆಯಿಂದ ಕಡ್ಡಿ ಕಿತ್ತು, ನೂಲು ಎಳೆಯತೊಡಗಿದೆ. ಕ್ರೋಶಾ ಹೆಣಿಗೆಯ ಕ್ರೌರ್ಯವೇ ಅದು. ಒಂದು ವಾರ ಹಾಕಿದ್ದನ್ನು ಒಂದು ನಿಮಿಷದಲ್ಲಿ ಬಿಚ್ಚಬಹುದು, ಪಟಪಟ ಎಂದು ಸದ್ದು ಮಾಡುತ್ತ ಬಿಚ್ಚಿಕೊಳ್ಳುತ್ತದೆ. ಅಕ್ಕ ನನ್ನ ಕೈ ಹಿಡಿಯಲಿಲ್ಲ. ನೆಲದ ಮೇಲೆ ಬೀಳುತ್ತಿದ್ದ ನೂಲಿನ ತುದಿಯನ್ನು ಹುಡುಕಿ ಉಂಡೆ ಸುತ್ತಲು ಶುರುಮಾಡಿದರು. ಸುತ್ತುತ್ತ ಎಣಿಸಿದರು, ಹಿಂದುಮುಂದಾಗಿ. "ಇಪ್ಪತ್ತೆರಡನೆಯ ಸುತ್ತು ಹೋಯಿತು. ಇಪ್ಪತ್ತೊಂದು. ಇಪ್ಪತ್ತು. ಹತ್ತೊಂಬತ್ತು." ಆಮೇಲೆ ಡೈರಿಯ ಪುಟ ತಿರುವಿ, ಒಂದು ಬೆರಳನ್ನು ಕರಡಿಯ ಹೊಟ್ಟೆಯ ಮೇಲಿಟ್ಟರು. "ಹದಿನೆಂಟು. ಇಲ್ಲಿಂದ ಕೆಳಗಿನದು ನಿನ್ನ ಬಲಗೈ ಹೆಣೆದದ್ದು. ಅದನ್ನೂ ಬಿಚ್ಚುವುದಾದರೆ ಬಿಚ್ಚು, ಎಣಿಸುತ್ತೇನೆ."

ಬಿಚ್ಚಬೇಡ ಎಂದಿದ್ದರೆ ನಾನು ಖಂಡಿತ ಬಿಚ್ಚುತ್ತಿದ್ದೆ.

ನೂಲು ಹಿಡಿದುಕೊಂಡು ಎಷ್ಟು ಹೊತ್ತು ಕುಳಿತಿದ್ದೆನೋ ತಿಳಿಯದು. ಆ 18 ಸುತ್ತುಗಳ ನಂತರ ನನ್ನ ಬಲಗೈ ಏನನ್ನೂ ಹೆಣೆದಿಲ್ಲ. ಇನ್ನು ಹೆಣೆಯುತ್ತದೆಂದೂ ಯಾರೂ ಹೇಳಿಲ್ಲ. ಅಲ್ಲಿಯವರೆಗೆ ಅತ್ತಿರಲಿಲ್ಲ, ಆವತ್ತು ಅತ್ತೆ. ಅಕ್ಕ ಉಂಡೆಯನ್ನು ಮಡಿಲಲ್ಲಿಟ್ಟುಕೊಂಡು ಕಾದರು. ನಂತರ ಪೆನ್ನಿನ ಮುಚ್ಚಳ ತೆಗೆದು, "ಹತ್ತೊಂಬತ್ತನೆಯ ಸುತ್ತು. ಮೂವತ್ತಾರು ಸಿಂಗಲ್, ಪೂರ್ಣವಿರಾಮ. ಒಂದು," ಎಂದರು. ನಾನು ಎಡಗೈಯಲ್ಲಿ ಒಂದು ಹಾಕಿದೆ. ನೂಲಿನ ಮೇಲಿಂದ ಕಡ್ಡಿ ತಂದು, ಬಿಗಿಯಾಗಿ. "ಎರಡು," ಎಂದರು.

ಬೆಳಗಿನ ಐದು ಗಂಟೆಯವರೆಗೆ ಹಾಗೆಯೇ ನಡೆಯಿತು. ಕೋಟಿನ ಮಗ್ಗುಲಿಗೂ ಅವರೇ ದಾರಿ ಹುಡುಕಿದರು. ಕರಡಿನಲ್ಲಿ ಕಣ್ತಪ್ಪಿದ ಅಕ್ಷರ ಹಿಡಿಯಲು ಸಾಲನ್ನು ಕೊನೆಯಿಂದ ಓದುವ ಅಭ್ಯಾಸ ಅವರಿಗಿತ್ತು. ಕೋಟಿನ ಒಂದೊಂದು ಸಾಲನ್ನೂ ಬಾಲದಿಂದ ತಲೆಗೆ ಓದುತ್ತ ಹೋದರು, ಎಡಗೈ ಅದನ್ನೇ ಹೆಣೆಯಿತು, ಎಡ ಮಗ್ಗುಲು ಎಡ ಮಗ್ಗುಲಾಗಿಯೇ ಬಂತು. ಕರಡು ತಿದ್ದುವವರು ಕರಡಿಯನ್ನೂ ತಿದ್ದಿದರು ಎಂದು ನಾನು ಹೇಳಿದಾಗ ನಗಲಿಲ್ಲ. ಆ ಹೊತ್ತಿಗೆ ಇಬ್ಬರಿಗೂ ಕಣ್ಣು ಉರಿಯುತ್ತಿತ್ತು.

ಕಥಾಕೋಣೆಗೆ ಹೋಗುವವರು ಕರಡಿಯ ಅಂಗಿ ಎತ್ತಿ ನೋಡಿ. ಬಲಗೈಯವರ ಕುಣಿಕೆಗಳು ಸುತ್ತು ಸುತ್ತಿಗೂ ಸ್ವಲ್ಪ ಬಲಕ್ಕೆ ವಾಲುತ್ತವೆ, ಎಡಗೈಯವರದು ಎಡಕ್ಕೆ. ಕರಡಿಯ ಹೊಟ್ಟೆಯಲ್ಲಿ ಕೆಳಗಿನಿಂದ ಬಲಕ್ಕೆ ವಾಲುತ್ತ ಬಂದ ಸಾಲು 18ನೆಯ ಸುತ್ತಿಗೆ ನಿಂತು, ಅಲ್ಲಿಂದ ಎಡಕ್ಕೆ ತಿರುಗುತ್ತದೆ. ದಿಕ್ಕು ಬದಲಾದ ಜಾಗದಲ್ಲಿ ಒಂದು ಸಣ್ಣ ಮೆಟ್ಟಿಲಿದೆ. ಹೊಲಿದು ಮುಚ್ಚಬಹುದಿತ್ತು, ಮುಚ್ಚಲಿಲ್ಲ. ಸೊಂಟಪಟ್ಟಿಯಿರುವ ಅಂಗಿ ಹೆಣೆದು ತೊಡಿಸಿದೆ. ತೆಳು ನೂಲು, 3 ಮಿಲಿಮೀಟರಿನ ಕಡ್ಡಿ, ಮೈಗೆ ಒರಗುವಷ್ಟು ಸಡಿಲ. ಮಕ್ಕಳು ಹೇಗೂ ಮೊದಲು ಮಾಡುವ ಕೆಲಸ ಬಟ್ಟೆ ಬಿಚ್ಚುವುದೇ.

ಇನ್ನೊಂದು ವಿಷಯ. ಆಕ್ಟೋಪಸ್ಸಿಗೆ ನಾವು ಹೆಣೆದ ಕಾಲುಚೀಲಗಳು 9. ಡೈರಿಯಲ್ಲಿ ನಾಲ್ಕು ಗೀಟು, ಅಡ್ಡಕ್ಕೊಂದು, ಮತ್ತೆ ಮೂರು ಗೀಟು, ಒಟ್ಟು ಎಂಟು ಎಂದು ಸ್ಪಷ್ಟವಾಗಿದೆ. ಎಣಿಕೆ ತಪ್ಪಿದ್ದು ತಾನಲ್ಲ, ತಾನು ಮೆಟ್ಟಿಲು ಹತ್ತಿ ಹೋದ ಮೇಲೆ ನಾನು ಕದ್ದು ಒಂದು ಹೆಣೆದಿರಬೇಕು ಎಂದು ಅಕ್ಕ ವಾದಿಸುತ್ತಾರೆ. ಒಂಬತ್ತನೆಯದು, ಹಳದಿ ಬಣ್ಣದ್ದು, ಈಗ ಅವರ ಪೆನ್ನಿನ ಮೇಲಿದೆ.